ಅಕಸ್ಮಾತ್ ರಾಯರ ರಜೆ

ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಅಕಸ್ಮಾತ್ ರಾಯರು ಎಂದೇ. ಯಾರಾದರೂ ಫ್ಯಾನ್ ಹಾಕಿದರೆ "ಅಕಸ್ಮಾತ್ ಕಳಚಿ ಬಿದ್ರೆ?" ಎನ್ನುವರು, ಆರಿಸಿದರೆ "ಅಕಸ್ಮಾತ್ ಮತ್ತೆ ತಿರುಗದಿದ್ರೆ?" ಎನ್ನುವರು. ಇಂಥವರನ್ನು ರಿಸ್ಕ್ ಗುರುತಿಸುವ ತರಬೇತಿಗೆ ಕರೆದದ್ದು, ಕೆಮ್ಮುವವರನ್ನು ಮೆಣಸಿನಕಾಯಿ ಹುರಿಯುವ ಮನೆಗೆ ಕರೆದಂತಾಯಿತು.

ಆದರೂ ಆ ದಿನ ರಾಯರು ಖುಷಿಯಲ್ಲಿದ್ದರು. ಮಗಳಿಗೆ ಹೆಣ್ಣುಮಗು ಹುಟ್ಟಿ ತಿಂಗಳಾಗಿತ್ತು, ಇವರಿನ್ನೂ ಅದರ ಮುಖ ನೋಡಿರಲಿಲ್ಲ. ಆಫೀಸು ಹೊಸ ಕಟ್ಟಡಕ್ಕೆ ಹೋಗುವ ಗಡಿಬಿಡಿಯಲ್ಲಿ ರಜೆ ಕೇಳಿದ್ದಕ್ಕೆ ಮ್ಯಾನೇಜರು, "ತರಬೇತಿ ಆಗ್ಲಿ ರಾಯರೇ. ಸಾಮಾನು ಸಾಗಿಸೋ ಹೊಣೆ ಯಾವುದೂ ನಿಮ್ಮ ಹೆಸರಲ್ಲಿ ಇಲ್ದಿದ್ರೆ ನಾಳೆ ಬೆಳಿಗ್ಗೇನೇ ಹೊರಡಿ" ಎಂದಿದ್ದರು.

ತರಬೇತಿಯ ಮೇಡಂ ಗೋಡೆಗೆ ಎರಡು ದೊಡ್ಡ ಹಾಳೆ ಅಂಟಿಸಿದರು. "ಆಗಬಹುದಾದ ತೊಂದರೆ ರಿಸ್ಕು, ಎಡಗಡೆ. ಆಗಿಹೋದ ತೊಂದರೆ ಇಶ್ಯೂ, ಬಲಗಡೆ. ಒಂದೊಂದನ್ನೂ ಚೀಟೀಲಿ ಬರೀರಿ. ಅದನ್ನ ನೋಡ್ಕೊಳ್ಳೋರ ಹೆಸರೂ ಬೇಕು."

"ನಮ್ಮಲ್ಲಿ ಹೇಳಿದೋರೇ ನೋಡ್ಕೋತಾರೆ" ಎಂದರು ಹಿಂದಿನ ಸಾಲಿನಿಂದ ಮ್ಯಾನೇಜರು.

ರಾಯರು ಮೊದಲ ಚೀಟಿಯಲ್ಲಿ ಎದೆಯಲ್ಲಿದ್ದುದನ್ನೇ ಬರೆದರು: "ಅಕಸ್ಮಾತ್ ರಜೆ ಸಿಗದಿದ್ದರೆ?" ಬರೆದ ಮೇಲೆ ನಾಚಿಕೆಯಾಗಿ ಜೇಬಿಗೆ ಹಾಕಿಕೊಂಡರು.

ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಅಕಸ್ಮಾತ್ ಲಾರಿ ಬರದಿದ್ರೆ?" ಎಂದರು. ಚೀಟಿಗೆ ಅವರ ಹೆಸರು ಬಿತ್ತು. "ಬೀರು ಬಾಗಿಲಲ್ಲಿ ತೂರದಿದ್ರೆ?" ಅದೂ ಅವರದೇ. ಪಕ್ಕದಲ್ಲಿದ್ದ ಸ್ಟೋರ್ ಕೀಪರ್ ಮೆಲ್ಲಗೆ ಕಿವಿ ಕಚ್ಚಿದ: "ರಾಯರೇ, ಬೀಗದ ಕೈ ಗೊಂಚಲು ಕಳೆದ್ರೆ ಅಂತ ಕೇಳಿ." ರಾಯರು ಕೇಳಿಯೇಬಿಟ್ಟರು. "ಕಂಪ್ಯೂಟರ್ ಬಿದ್ದು ಒಡೆದ್ರೆ?" ಎಂದು ಅಕೌಂಟೆಂಟ್ ಅಮ್ಮ ಹಿಂದಿನಿಂದ ಪಿಸುಗುಟ್ಟಿದರು. ಅದನ್ನೂ ರಾಯರೇ ಗಟ್ಟಿಯಾಗಿ ಹೇಳಿದರು.

"ಏನು ರಾಯರೇ, ಇಡೀ ಆಫೀಸನ್ನ ಒಬ್ರೇ ಹೊತ್ಕೊಂಡು ಹೋಗ್ತೀರಾ?" ಎಂದ ಸ್ಟೋರ್ ಕೀಪರ್, ಊಟದ ಹೊತ್ತಿಗೆ, ಅವರ ಡಬ್ಬಿಗೇ ಕೈ ಹಾಕುತ್ತ. ರಾಯರು ಗೋಡೆ ನೋಡಿದರು. ಎಡಗಡೆಯ ಹಾಳೆಯ ತುಂಬ ಅವರದೇ ಹೆಸರು. ಡಬ್ಬಿಯನ್ನು ಅವನ ಕಡೆಗೇ ತಳ್ಳಿಬಿಟ್ಟರು.

ಮಧ್ಯಾಹ್ನ ಅವರು ಬಾಯಿಗೆ ಬೀಗ ಹಾಕಿಕೊಂಡು ಕೂತರು. ಮೇಡಂ "ಇನ್ನೇನಿದೆ?" ಎಂದರೆ ಕಿಟಕಿಯ ಕಡೆ ನೋಡಿದರು. ತಲೆಯ ಮೇಲೆ ಫ್ಯಾನು ಕಿರ್ರೆಂದಿತು; ಅದಕ್ಕೂ ತುಟಿ ಬಿಚ್ಚಲಿಲ್ಲ. ಸ್ಟೋರ್ ಕೀಪರ್ ತನ್ನ ಕುರ್ಚಿಯನ್ನು ಅತ್ತ ಸರಿಸಿಕೊಂಡ.

"ರಾಯರು ಯಾಕೆ ಸುಮ್ನಿದಾರೆ?" ಎಂದರು ಅಕೌಂಟೆಂಟ್ ಅಮ್ಮ.

"ಹೇಳೋಕೂ ಆಗದಂಥದ್ದು ಏನೋ ಹೊಳೆದಿರ್ಬೇಕು ಅವರಿಗೆ" ಎಂದ ಸ್ಟೋರ್ ಕೀಪರ್.

ಇಷ್ಟು ವರ್ಷ ಭಯಪಡುವ ಕೆಲಸವನ್ನು ರಾಯರಿಗೆ ಬಿಟ್ಟು ಹಾಯಾಗಿದ್ದವರು ಈಗ ತಾವೇ ಭಯಪಡಬೇಕಾಯಿತು. "ಲಾರಿ ನಾನೇ ನೋಡ್ಕೋತೀನಪ್ಪ" ಎಂದು ಸ್ಟೋರ್ ಕೀಪರ್ ಎದ್ದವನು ಬೀರುವನ್ನೂ ಬೀಗದ ಕೈಗಳನ್ನೂ ತನ್ನ ಹೆಸರಿಗೆ ಮಾಡಿಕೊಂಡ. ಕಂಪ್ಯೂಟರು ಅಕೌಂಟೆಂಟ್ ಅಮ್ಮನ ಪಾಲಾಯಿತು. ಸಂಜೆಗೆ ಹಾಳೆಯಲ್ಲಿ ಹುಡುಕಿದರೂ ರಾಯರ ಹೆಸರಿರಲಿಲ್ಲ. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಎಲ್ಲಕ್ಕಿಂತ ದೊಡ್ಡ ರಿಸ್ಕು ಯಾವುದು? ಎಲ್ಲರೂ ಸೇರಿ ಒಂದೇ ಚೀಟಿ ಬರೀರಿ" ಎಂದರು ಮೇಡಂ ಕೊನೆಗೆ. ಸಹೋದ್ಯೋಗಿಗಳು ತಲೆಗೆ ತಲೆ ಸೇರಿಸಿ ಬರೆದದ್ದನ್ನು ಮ್ಯಾನೇಜರು ಗಟ್ಟಿಯಾಗಿ ಓದಿದರು: "ನಮಗೆ ಹೊಳೆಯದ್ದೆಲ್ಲ ರಾಯರಿಗೆ ಹೊಳೆಯುತ್ತೆ. ಅಕಸ್ಮಾತ್ ಅವರೇ ರಜೆ ಹಾಕಿದರೆ?"

ಓದಿ, ಕೆಳಗೆ ತಮ್ಮ ಹೆಸರು ಬರೆದರು. "ಇದು ನನ್ನ ಹೊಣೆ. ಪರಿಹಾರಾನೂ ನನ್ನ ಕೈಲೇ ಇದೆ. ರಾಯರೇ, ಹೊಸ ಕಟ್ಟಡಕ್ಕೆ ಹೋಗೋ ತನಕ ನಿಮಗೆ ರಜೆ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. "ನೀವಿದ್ರೇನೇ ನಮಗೆ ಧೈರ್ಯ ರಾಯರೇ" ಎಂದ ಅಕೌಂಟೆಂಟ್ ಅಮ್ಮನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ರಾಯರಿಗೆ ಅಳು ಬಂತು, ಜೊತೆಗೆ ಒಂದಿಷ್ಟು ಹೆಮ್ಮೆಯೂ ಬಂತು. ಎದ್ದು ಗೋಡೆಯ ಬಳಿ ಹೋದರು. ಆಗಿಹೋದ ತೊಂದರೆಗಳ ಬಲಗಡೆಯ ಹಾಳೆ ಬೆಳಗಿನಿಂದ ಖಾಲಿಯಾಗಿಯೇ ಇತ್ತು. ಜೇಬಿನಲ್ಲಿದ್ದ ಚೀಟಿ ತೆಗೆದು, ಮುದುರು ಸರಿಮಾಡಿ, ಅಲ್ಲಿ ಅಂಟಿಸಿದರು.