ಕುಕ್ಕರ್ ಸೀಟಿಯ ಕಳಸ

ಈ ಸಲದ ಗಣಪತಿ ಹಬ್ಬಕ್ಕೆ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಅಂಗಡಿಯಿಂದ ಒಂದು ಕಡ್ಡಿಯನ್ನೂ ಕೊಳ್ಳದೆ, ಮನೆಯ ಸಾಮಾನಿನಿಂದಲೇ ಹಳೇ ಪುಣೆಯ ವಾಡೆಯೊಂದನ್ನು ಮೊಳದೆತ್ತರಕ್ಕೆ ಕಟ್ಟಿ, ನಮ್ಮ ಸೊಸೈಟಿಯ ದೇಖಾವೆ, ಅಂದರೆ ಗಣಪನ ಮುಂದಿನ ಅಲಂಕಾರದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆಯಬೇಕು! ಪುಣೆಯ ಬಿಬವೇವಾಡಿಯ ಪುಟ್ಟ ಫ್ಲ್ಯಾಟಿನಲ್ಲಿರುವವನಿಗೆ ಅಂಗಳವಿರುವ ಮನೆ ಕಟ್ಟುವ ಯೋಗ ಇನ್ನು ಹೇಗೆ ಬರಬೇಕು?

ಬಾಚಣಿಕೆಯ ಹಲ್ಲುಗಳು ಕಿಟಕಿಯ ಸರಳುಗಳಾದವು. ಹೆಂಡತಿ ಶೈಲಾಳ ಸ್ವೆಟರಿನ ಗುಂಡಿ ಬಾವಿಯ ಗಾಲಿಯಾಯಿತು. ರಟ್ಟನ್ನು ಉಗುರಿನಷ್ಟಗಲ ಕತ್ತರಿಸಿ, ಕೆಮ್ಮಣ್ಣು ಬಳಿದು ಹೆಂಚು ಹೊದಿಸಿದೆ. ಅಂಗಳದಲ್ಲೊಂದು ಗುಡಿ, ಅದಕ್ಕೊಂದು ಶಿಖರ. ಕಳಸ? ಇಲ್ಲಿ ಗಣಪತಿ ಕೂತ ಮೇಲೆ ಬರುವ ಗೌರಿ ಪೂಜೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಕಣ್ಣಾಡಿಸಿದೆ. ಆಹಾ, ಕುಕ್ಕರಿನ ಸೀಟಿ! ಇವತ್ತು ಹೋಳಿಗೆ ಊಟ, ಕುಕ್ಕರ್ ಯಾರಿಗೆ ಬೇಕು ಎಂದುಕೊಂಡು, ಅದಕ್ಕೆ ಮಿಠಾಯಿಯ ಬಂಗಾರದ ಕಾಗದ ಸುತ್ತಿ, ಅಂಟು ಹಚ್ಚಿ ಕೂರಿಸಿ, ವಾಡೆಯನ್ನು ಸೊಸೈಟಿಯ ಗಣಪತಿ ಮಂಟಪಕ್ಕೆ ಒಯ್ದಿಟ್ಟು ಬಂದೆ. ಹೋಳಿಗೆಯ ಹೂರಣಕ್ಕೆ ಮೊದಲು ಬೇಳೆ ಬೇಯಬೇಕು ಎಂಬುದು, ಹುಟ್ಟಿದಾಗಿನಿಂದ ಹೋಳಿಗೆ ತಿಂದ ನನಗೆ ಹೊಳೆಯಲೇ ಇಲ್ಲ!

“ರೀ, ಕುಕ್ಕರ್ ಸೀಟಿ ನೋಡೀರೇನು?”

“ಯಾವ ಸೀಟಿ?”

“ನಮ್ಮ ಮನ್ಯಾಗ ಎಷ್ಟ ಸೀಟಿ ಅದಾವ್ರಿ?”

“ಅದು... ಗುಡಿ ಮ್ಯಾಲ ಅದ.”

“ಯಾವ ಗುಡಿ?”

“ನಾ ಕಟ್ಟಿದ್ದು.”

ಊರಿಂದ ಬಂದಿದ್ದ ಅತ್ತೆ ರುದ್ರವ್ವ ಗೌರಿಗೆ ನೈವೇದ್ಯವಾಗುವ ತನಕ ನೀರನ್ನೂ ಮುಟ್ಟುವವರಲ್ಲ. “ಅಳಿಯಂದ್ರು ಗುಡಿ ಕಟ್ಟ್ಯಾರ, ನನಗ ಹೊಟ್ಟಿ ಕಟ್ಟಸ್ಯಾರ!” ಎಂದು ಗೋಡೆಗೆ ಒರಗಿದರು. ಅವರ ಮುಖ ಬಾಡಿದ್ದು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸೀಟಿ ಕಡ ಕೇಳಲು ಪಕ್ಕದ ಮಾಯಾ ಅವರ ಬಾಗಿಲಿಗೆ ಓಡಿದೆ. ಒಳಗೆ ಸೀಟಿ ಕೂಗಿತು. ಮೇಲಿನ ಮನೆಯಲ್ಲೂ ಕೂಗಿತು. ಗೌರಿ ಊಟದ ದಿನ ಪುಣೆಯಲ್ಲಿ ಯಾವ ಕುಕ್ಕರಿಗೂ ಪುರುಸೊತ್ತಿಲ್ಲ!

ಶೈಲಾ ನನ್ನ ಕೈಗೆ ತಾಟು ಕೊಟ್ಟಳು. “ಈ ಮೋದಕ ಮಂಟಪದ ಗಣಪ್ಪಗ ಇಟ್ಟ ಬರ್ರಿ. ಸೀಟಿ ಇಲ್ದ ಬರೂದಾದ್ರ, ಅಲ್ಲೇ ನಿಮ್ಮ ವಾಡೇದಾಗ ಇರ್ರಿ!”

ಮಂಟಪದಲ್ಲಿ ಆರತಿ ನಡೆದಿತ್ತು. ಎಲ್ಲರೂ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಿದ್ದರು. ಕಳಸ ಹಿಡಿದು ಎಳೆದೆ, ಬರಲಿಲ್ಲ. ದೇವರೇ ಎಂದು ಜಗ್ಗಿದೆ, ಇಡೀ ಶಿಖರವೇ ಕಿತ್ತು ಬಂತು! ಅಂಗಿಯೊಳಗೆ ತುರುಕಿಕೊಂಡೆ. ಅಷ್ಟರಲ್ಲಿ ಗೇಟಿನಲ್ಲಿ ತೀರ್ಪುಗಾರರು ಕಂಡರು. ಬೋಳು ಗುಡಿಯ ಮೇಲೆ ತಾಟಿನಿಂದ ಒಂದು ಮೋದಕ ಎತ್ತಿಟ್ಟು, ಉಳಿದವನ್ನು ಗಣಪನ ಮುಂದಿಟ್ಟು ಓಡಿದೆ.

ಇಕ್ಕಳ ಹಾಕಿ ಬಿಡಿಸಿ, ಕೆರೆದು, ತಿಕ್ಕಿ ತೊಳೆದದ್ದಾಯಿತು. ಕೊನೆಗೂ ನಮ್ಮ ಕುಕ್ಕರ್ ಕೂಗಿತು. ಹೋದ ಜೀವ ಬಂತು! ಅಷ್ಟು ಇಂಪಾದ ಸಂಗೀತವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ನೈವೇದ್ಯವಾಯಿತು, ರುದ್ರವ್ವ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಉಂಡರು, ನಾನು ಬದುಕಿದೆ.

ಸಂಜೆ ಕಾರ್ಯದರ್ಶಿ ಸುಖೇಶ್ ಮೈಕಿನಲ್ಲಿ ಕೂಗಿದರು: “ಪಹಿಲಾ ನಂಬರ್, ಮೋದಕಾಚಂ ಮಂದಿರ್!” ಮೋದಕದ ಗುಡಿಗೆ ಮೊದಲ ಬಹುಮಾನ! ನಾನು ಕಾಲರ್ ಸರಿಮಾಡಿಕೊಂಡು ವೇದಿಕೆಯತ್ತ ಹೊರಟೆ. ಆದರೆ ತೀರ್ಪುಗಾರ್ತಿ ಕೇಳಿದ್ದು ವಾಡೆ ಕಟ್ಟಿದವರನ್ನಲ್ಲ, ಮೋದಕ ಮಾಡಿದವರನ್ನು! ಅಷ್ಟು ಸಮನಾದ ನೆರಿಗೆಗಳನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ. ನನ್ನ ಕಿಟಕಿ, ಹೆಂಚು, ಬಾವಿ ಯಾರ ಕಣ್ಣಿಗೂ ಬೀಳಲಿಲ್ಲ. ಬಹುಮಾನ ಶೈಲಾಳ ಕೈಗೆ ಹೋಯಿತು, ಚಪ್ಪಾಳೆ ತಟ್ಟುವ ಕೆಲಸ ನನ್ನ ಪಾಲಿಗೆ ಬಂತು.

“ಮುಂದಿನ ವರ್ಷ ಕೋಟೆ ಕಟ್ಟತೀನಿ,” ಎಂದೆ.

“ಕಟ್ಟರಿ, ಯಾರ ಬ್ಯಾಡ ಅಂದಾರ?”

ಅಂದಿನಿಂದ ಅಡುಗೆ ಮುಗಿದೊಡನೆ ಸೀಟಿ ಅವಳ ಬಂಗಾರದ ಬಳೆಗಳ ಜೊತೆ ತಿಜೋರಿ ಸೇರುತ್ತದೆ. ಕೀಲಿ ರುದ್ರವ್ವನ ಸೊಂಟದಲ್ಲಿದೆ. ಅವರು ಊರಿಗೆ ಹೋಗುವ ಮಾತನ್ನೇ ಎತ್ತುತ್ತಿಲ್ಲ!