ಪೂವಪ್ಪನ ಇಂಗ್ಲಿಷ್ ಷಟ್ಪದಿ

ಪೂವಪ್ಪನಿಗೆ ಹೆಡ್‌ಕ್ಲಾರ್ಕನ ಹುದ್ದೆ ಬೇಕಾದದ್ದು ದರ್ಪಕ್ಕಲ್ಲ, ಸಾಯಂಕಾಲಕ್ಕೆ. ನದೀದಂಡೆಯ ಹಂಚಿನ ಕಾರ್ಖಾನೆಯಲ್ಲಿ ಹೆಡ್‌ಕ್ಲಾರ್ಕು ಐದು ಗಂಟೆಗೆ ಕೊಡೆ ಹಿಡಿದು ಹೊರಟುಬಿಡುತ್ತಿದ್ದ. ನಕಲು ಗುಮಾಸ್ತ ಪೂವಪ್ಪ ಮಾತ್ರ ಕಡೆಯ ದೋಣಿಗೆ ಹಂಚು ತುಂಬಿ, ಅದರ ಕಾಗದ ಬರೆದು ಮುಗಿಯುವವರೆಗೆ, ಅಂದರೆ ಏಳರವರೆಗೆ, ಕೂತಿರಬೇಕು. ಅವನು ಏದುಸಿರು ಬಿಡುತ್ತ ಕದ್ರಿಯ ಏರು ಹತ್ತುವಷ್ಟರಲ್ಲಿ ದೇವಸ್ಥಾನದ ಪುರಾಣ ವಾಚನ ಮುಗಿದು ಜನ ಪ್ರಸಾದಕ್ಕೆ ಏಳುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಅವನ ಕಿವಿಗೆ ದಕ್ಕಿದ್ದು ಬರೀ ಮಂಗಳ.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಹೆಡ್‌ಕ್ಲಾರ್ಕು ನಿವೃತ್ತನಾದ. ಮ್ಯಾನೇಜರ್ ದೊರೆಗಳಿಗೆ ತಮ್ಮ ದೇಶದ ಒಬ್ಬ ಹಳೆಯ ಅರಸನ ನಾಟಕವೆಂದರೆ ಪ್ರಾಣ. ಪಟ್ಟ ಕಳೆದುಕೊಂಡು ಸೆರೆಮನೆಯಲ್ಲಿ ಸಾಯುವ ಅರಸ. ಅದರ ಕಠಿಣ ಶಬ್ದಗಳಿಗೆ ಅರ್ಥ ಹೇಳಬಲ್ಲವನಿಗೆ ಬೇರೆ ಪರೀಕ್ಷೆಯೇ ಬೇಡ ಎಂದು ಅವರ ನಂಬಿಕೆ. ಪೂವಪ್ಪನಿಗೂ ರವಾನೆ ಗುಮಾಸ್ತ ರೇಮಂಡನಿಗೂ ಒಂದೊಂದು ಪುಸ್ತಕ ಕೊಟ್ಟು, ತಿಂಗಳು ಕಳೆದು ಶನಿವಾರ ಮೂರು ಗಂಟೆಗೆ ಬರಹೇಳಿದರು. ರೇಮಂಡ್ ಅದನ್ನು ಅಲುಗುವ ಮೇಜಿನ ಕಾಲಡಿಗೆ ಇಟ್ಟ. ಮೇಜು ಅಲುಗುವುದು ನಿಂತಿತು.

ಪೂವಪ್ಪನ ತಲೆ ಬೇರೆ ತರದ್ದು. ರಾಗ ಬಂದರೆ ಬಾಗಿಲು ತೆರೆಯುತ್ತದೆ. ಗದ್ಯ ಬಂದರೆ ಅಗುಳಿ ಬೀಳುತ್ತದೆ. ಹಾಗಾಗಿ ಇನ್ನೂರ ನಲ್ವತ್ತು ಇಂಗ್ಲಿಷ್ ಶಬ್ದಗಳನ್ನು ಅರ್ಥಸಮೇತ ಷಟ್ಪದಿಯ ಧಾಟಿಗೆ ಹೊಂದಿಸಿಕೊಂಡ. ಮಾತ್ರೆ ಕಡಿಮೆ ಬಿದ್ದಲ್ಲೆಲ್ಲ ‘ಶಿವಶಿವಾ’ ಎಂದು ತುಂಬಿಸಿದ.

ಆ ಶನಿವಾರ ಬೆಳಿಗ್ಗೆ ರಜೆ ಹಾಕಿ, ಸ್ನಾನ ಮಾಡಿ, ಜಗಲಿಯ ಮಣೆಯ ಮೇಲೆ ಕೂತು ಎಲ್ಲವನ್ನೂ ಒಂದು ಸಲ ಹಾಡಿ ನೋಡಲು ತೊಡಗಿದ. ‘ಸೆಪ್ಟರೆನೆ ರಾಜದಂಡವು ಶಿವಶಿವಾ’ ಎನ್ನುವಲ್ಲಿಗೆ ಬಂದಿದ್ದ. ಪಕ್ಕದ ಮನೆಯ ಅಮ್ಮಣಿಯಕ್ಕ ಕಾಲುದೀಪ ಹಚ್ಚಿ ತಂದು ಎದುರಿಗಿಟ್ಟು ಕೈಮುಗಿದು ಕೂತಳು. ಪೂವಪ್ಪ ಹಾಡು ನಿಲ್ಲಿಸಿದ. ದೀಪ ಹಚ್ಚಿ ಕೇಳುವವರು ಕೂತ ಮೇಲೆ ಮಂಗಳ ಹಾಡದೆ ಏಳುವಂತಿಲ್ಲ. ಅದು ಅವನ ಅಜ್ಜನ ಕಾಲದಿಂದ ಬಂದ ಕ್ರಮ.

“ಅಕ್ಕ, ಇದು ಪುರಾಣ ಅಲ್ಲ. ಪರೀಕ್ಷೆಯ ಇಂಗ್ಲಿಷು” ಎಂದ.

“ಇಂಗ್ಲಿಷಾದರೆ ಎಂತ ಮಾರಾಯ, ಶಿವನ ಹೆಸರು ಉಂಟಲ್ಲ. ನೀನು ಹಾಡು.”

ಹನ್ನೊಂದಕ್ಕೆ ಜಗಲಿ ತುಂಬಿತು. ಕೋರ್ಟಿನಲ್ಲಿ ಡಫೇದಾರನಾಗಿದ್ದ ದುಗ್ಗಪ್ಪ ಕಂಬಕ್ಕೊರಗಿ, ಅರ್ಥ ಹೇಳದೆ ಬರೀ ಪದ್ಯ ಹಾಡುವುದು ಯಾವ ಕ್ರಮವೆಂದು ಕೇಳಿದ. ಪೂವಪ್ಪ ಅರ್ಥ ಹೇಳಿದ. ಶಬ್ದದ ಅರ್ಥ ಸಾಲದು, ಕತೆ ಬೇಕೆಂದರು. ಕತೆಯನ್ನೂ ಹೇಳಿದ. ಗಡೀಪಾರಾದ ದಾಯಾದಿ ತನ್ನ ಆಸ್ತಿ ಕೇಳಲು ಬಂದವನು ಸಿಂಹಾಸನವನ್ನೇ ಕಿತ್ತುಕೊಂಡ ಎಂಬಲ್ಲಿ ದುಗ್ಗಪ್ಪ ಎದ್ದು ನಿಂತು, ಅರಸ ಯಾವ ಕೋರ್ಟಿನಲ್ಲಿ ದಾವೆ ಹೂಡಬೇಕಿತ್ತೆಂದು ಅರ್ಧ ಗಂಟೆ ವಿವರಿಸಿದ. ಪೂವಪ್ಪನ ಹೆಂಡತಿ ಮುದ್ದು ಮೂರು ಸಲ ಪಾನಕ ಮಾಡಿದಳು. ಗಂಡನನ್ನು ಯಾರೋ ದೇವಸ್ಥಾನಕ್ಕೆ ಬರೆದುಕೊಟ್ಟರೇನೋ ಎಂಬಂತೆ ಬಾಗಿಲಲ್ಲಿ ನಿಂತು ನೋಡಿದಳು.

ಗಡಿಯಾರ ಎರಡು ಹೊಡೆಯಿತು. ಅರಸ ಸೆರೆಮನೆಯಲ್ಲಿದ್ದ, ಕೊಲೆಗಾರರು ಬಾಗಿಲಲ್ಲಿದ್ದರು. ಬೇಗ ಕೊಂದು ಮುಗಿಸಿ ಓಡೋಣವೆಂದು ಪೂವಪ್ಪ ಸ್ವರ ಏರಿಸಿದ. ಅಮ್ಮಣಿಯಕ್ಕ ಕೈ ಅಡ್ಡ ಹಿಡಿದಳು.

“ದೀಪದೆದುರು ಹೆಣ ಇಟ್ಟು ಏಳ್ತೀಯಾ? ಪಟ್ಟ ಕಟ್ಟಿ ಏಳು.”

ಅವಳ ಮಾತು ಸರಿಯೇ. ಸಾವಿನ ಸಂಧಿಯಲ್ಲಿ ಯಾರೂ ವಾಚನ ನಿಲ್ಲಿಸುವುದಿಲ್ಲ. ಪೂವಪ್ಪ ವಿಧಿಯಿಲ್ಲದೆ ಕೊಲೆಗಾರರಿಗೆ ಒಳ್ಳೆಯ ಬುದ್ಧಿ ಕೊಟ್ಟ, ದಾಯಾದಿಯನ್ನು ಕಾಶಿಗೆ ಕಳಿಸಿದ, ಅರಸನಿಗೆ ಕಿರೀಟ ತೊಡಿಸಿ ಮಂಗಳ ಹಾಡಿದ. ಜನ ಕಣ್ಣೊರೆಸಿಕೊಂಡರು. ನಿಜ ಹೇಳಬೇಕೆಂದರೆ ಅವನಿಗೂ ಹಾಯೆನಿಸಿತು. ತಿಂಗಳಿಡೀ ಜೊತೆಗಿದ್ದ ಅರಸನಲ್ಲವೇ.

ಹಣೆಯ ಗಂಧ, ಕಿವಿಯ ಹೂವು, ಬಾಯಿತುಂಬ ಪಂಚಕಜ್ಜಾಯ. ಪಂಚೆ ಎತ್ತಿಕಟ್ಟಿ ಇಳಿಜಾರಿನಲ್ಲಿ ಓಡಿದ. ಕಾರ್ಖಾನೆ ಮುಟ್ಟುವಾಗ ರೇಮಂಡ್ ಆಗಲೇ ಪರೀಕ್ಷೆ ಮುಗಿಸಿ ಹೊರಗೆ ಬೆಂಚಿನ ಮೇಲೆ ಬೆವರೊರೆಸುತ್ತಿದ್ದ.

“ಹತ್ತು ಕೇಳಿದರು. ಒಂದೂ ಬರಲಿಲ್ಲ. ನೀನು ಹೋಗು ಮಾರಾಯ, ಕೆಲಸ ನಿನ್ನದೇ” ಎಂದ.

ದೊರೆಗಳು ಹತ್ತು ಕೇಳಿದರು. ಪೂವಪ್ಪ ಹತ್ತನ್ನೂ ಹೇಳಿದ. ಐವತ್ತು ಕೇಳಿದರು, ಪ್ರತಿ ಸಲ ತುಟಿಯೊಳಗೆ ಒಂದು ಸಾಲು ಗುನುಗಿ, ಐವತ್ತನ್ನೂ ಹೇಳಿದ. ದೊರೆಗಳು ಬೆರಗಾಗಿ ಪುಸ್ತಕ ಮುಚ್ಚಿ, ಕೊನೆಗೆ ಅರಸನ ಗತಿ ಏನಾಯಿತೆಂದು ಕೇಳಿದರು.

ಈಗಷ್ಟೇ ಕಿರೀಟ ತೊಡಿಸಿ ಬಂದ ಕೈ ಪೂವಪ್ಪನದು. “ಕೊಂದರು, ಸರ್” ಎಂದವನೇ ನಿಂತಲ್ಲೇ ಗಳಗಳ ಅತ್ತುಬಿಟ್ಟ.

ದೊರೆಗಳು ಕುರ್ಚಿಯಿಂದೆದ್ದು ಬಂದು ಅವನ ಎರಡೂ ಕೈ ಹಿಡಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು, ಕ್ಲಬ್ಬಿನಲ್ಲಿ ಓದಿದರೆ ಎರಡನೆಯ ಅಂಕಕ್ಕೆ ಎಲ್ಲರೂ ಗೊರಕೆ ಹೊಡೆಯುತ್ತಾರೆ, ಮನೆಯಲ್ಲಿ ದೊರೆಸಾನಿ ಮೊದಲನೆಯದಕ್ಕೇ ಎದ್ದು ಹೋಗುತ್ತಾರೆ ಎಂದು ಹೇಳಿಕೊಂಡರು. ಅರಸನಿಗಾಗಿ ಅಳುವ ಕೇಳುಗ ಸಿಕ್ಕಿದ್ದು ಇದೇ ಮೊದಲಂತೆ. ಇಂಥವನನ್ನು ಹೆಡ್‌ಕ್ಲಾರ್ಕು ಮಾಡಿ ಐದಕ್ಕೆ ಮನೆಗೆ ಕಳಿಸುವುದುಂಟೇ? ಆ ಕೆಲಸಕ್ಕೆ ರೇಮಂಡ್ ಸಾಕು. ಪೂವಪ್ಪ ಈಗಿನ ಜಾಗದಲ್ಲೇ ಇರಲಿ. ಏಳಕ್ಕೆ ದೋಣಿ ಹೊರಟ ಮೇಲೆ ಬಂಗಲೆಗೆ ಬರಲಿ. ತಾವು ಓದುವುದು, ಅವನು ಕೇಳುವುದು.

ಸೋಮವಾರದಿಂದ ಪೂವಪ್ಪ ಕೇಳಿದ. ಓದುವವರ ಎದುರಿನಿಂದ ಎದ್ದು ಹೋಗುವ ಅಭ್ಯಾಸ ಅವನ ಕುಲದಲ್ಲೇ ಇಲ್ಲ. ಹನ್ನೊಂದನೆಯ ಸಂಜೆ ಅರಸ ಪೂರ್ತಿ ಸತ್ತ. ಪೂವಪ್ಪ ಭಕ್ತಿಯಿಂದ ಕೈಮುಗಿದು, ಇನ್ನು ನಾಳೆಯಿಂದ ತಾನು ನೇರ ಮನೆಗೆ ಹೋಗಬಹುದೇ ಎಂದು ಮೆಲ್ಲಗೆ ಕೇಳಿದ.

ದೊರೆಗಳು ಸಂತೋಷದಿಂದ ಅವನ ಬೆನ್ನು ತಟ್ಟಿ ಗೋಡೆಯ ಕಪಾಟು ತೆರೆದರು. ಈ ಅರಸನ ಸಿಂಹಾಸನ ಕಿತ್ತುಕೊಂಡವನದೇ ಎರಡು ನಾಟಕ, ಅವನ ಮಗನದೊಂದು, ಮೊಮ್ಮಗನದು ಮೂರು ಎಂದು ಒಂದೊಂದಾಗಿ ಇಳಿಸಿ ಮೇಜಿನ ಮೇಲೆ ಜೋಡಿಸುತ್ತ ಹೋದರು.