ನನಗೂ ಒಂದೇಟು ಕೊಡಿ, ಗುರುಗಳೇ

ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಸಾಧಾರಣ ಮಧ್ಯಾಹ್ನ, ನಾನು ಕುಂಗ್‌ಫೂ ವೀರನಾಗಲು ತೀರ್ಮಾನಿಸಿದೆ. ಅದಕ್ಕೆ ಕಾರಣ ಒಂದು ಕಾಗದದ ಕಟ್ಟು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವ. ಕಟ್ಟನ್ನು ಎತ್ತಲೆಂದು ಬಗ್ಗಿದಾಗ ಮಿಷನ್ ನಡೆಸುವಾತ ಓಡಿ ಬಂದು, "ಬಿಡಿ ಸಾರ್, ಸೊಂಟ ಹಿಡ್ಕೊಂಡ್ರೆ ಕಷ್ಟ" ಎಂದು ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋದ. ಇಡೀ ಅಚ್ಚುಕೂಟ ನೋಡಿತು. ಅಂದೇ ಸಂಜೆ ನನ್ನಾಕೆಯ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದೆ: ಇನ್ನೊಂದು ವರ್ಷದಲ್ಲಿ ನಾನು ನಮ್ಮೂರ ಚೀನೀ ಗುರುಗಳ ಪಟ್ಟಶಿಷ್ಯ!

"ಮೊದಲು ಅಟ್ಟದ ಮೇಲಿನ ಡಬ್ಬ ಇಳಿಸಿಕೊಡಿ" ಎಂದಳು ಅವಳು.

ಗುರುಗಳ ಶಾಲೆ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ವಾರಕ್ಕೆ ಮೂರು ಸಂಜೆ ಪಾಠ. ಗುರುಗಳು ಎಪ್ಪತ್ತು ದಾಟಿದ ಕಡ್ಡಿಯಂಥ ಮನುಷ್ಯ, ಕೈಯಲ್ಲೊಂದು ಬಿದಿರು ಕೋಲು. ಅವರಿಗೆ ನಮ್ಮ ಭಾಷೆಯಲ್ಲಿ ಬರುತ್ತಿದ್ದದ್ದು ಮೂರೇ ಮಾತು: ಬನ್ನಿ, ಕೂತ್ಕೊಳ್ಳಿ, ಕುಡೀರಿ. ಅವರ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ದೊಡ್ಡ ಸೊನ್ನೆ. ಮೊದಲ ದಿನ ಅವರು ಕುರ್ಚಿಯಲ್ಲಿ ಕೂತು, ನನ್ನ ಮುಂದೆ ಟೀ ಕೆಟಲ್ಲು, ಎರಡು ಪುಟ್ಟ ಬಟ್ಟಲು ಇರಿಸಿ, ಏನನ್ನೋ ಕಾಯುವವರಂತೆ ನೋಡಿದರು. ಎಂಥ ಉಪಚಾರ! ನಾನು ಸಂಕೋಚವಿಲ್ಲದೆ ಬಗ್ಗಿಸಿಕೊಂಡು ಕುಡಿದೆ, ಚೆನ್ನಾಗಿದೆ ಎಂದು ತಲೆಯಾಡಿಸಿದೆ. ಗುರುಗಳು ನನ್ನ ಖಾಲಿ ಬಟ್ಟಲನ್ನು ನೋಡಿ, ಆಮೇಲೆ ಮುಗುಳ್ನಕ್ಕರು.

ಎರಡನೆಯ ಪಾಠದಿಂದ ಆ ಮೂರು ಮಾತು ಶುರುವಾಯಿತು, ಅದೂ ನನಗೊಬ್ಬನಿಗೇ ಮೀಸಲು. ಉಳಿದವರಿಗೆ ಸಿಗುತ್ತಿದ್ದದ್ದು ಬರೀ ಚೀನೀ ಬೈಗುಳ. ಬೇಕರಿಯವನೊಬ್ಬ ಬರುತ್ತಿದ್ದ. ಪಾಪ, ಅವನ ಮೊಣಕಾಲಿಗೆ ನಿಮಿಷಕ್ಕೊಂದು ಏಟು. ಹಲ್ಲಿನ ಡಾಕ್ಟರಮ್ಮನ ಮೊಣಕೈಗೂ ಅದೇ ಗತಿ. ನಾನು ಮಾತ್ರ ಕುದುರೆಯೇರಿದ ಭಂಗಿಯಲ್ಲಿ ತೊಡೆ ಗಡಗಡ ನಡುಗಿಸುತ್ತ ನಿಂತಿದ್ದರೆ, ಗುರುಗಳು ನಕ್ಕು ಮುಂದೆ ಹೋಗುತ್ತಿದ್ದರು. ನಡುವೆ ತಾವೇ ಟೀ ತಂದು ಕೊಡುತ್ತಿದ್ದರು! ನನ್ನ ಕಸುಬಿನ ಲೆಕ್ಕದಲ್ಲಿ ಕೆಂಪು ಗುರುತು ಬೀಳದ ಪುಟ ಎಂದರೆ ತಪ್ಪಿಲ್ಲದ ಪುಟ. ಎಂಟು ತಿಂಗಳು ನನ್ನ ಮೈಮೇಲೆ ಒಂದು ಗುರುತೂ ಬೀಳಲಿಲ್ಲ.

ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರಲ್ಲ, ನಾನು ಅಕ್ಷರಶಃ ಒಲೆಯ ಮುಂದೆಯೇ ಅಭ್ಯಾಸ ಮಾಡುತ್ತಿದ್ದೆ. ಬಟ್ಟೆ ಒಣಹಾಕುವ ತಂತಿ ಹರಿದಾಗ ನನ್ನಾಕೆ ಬೈದಳು. ಸ್ಟೂಲಿನ ಕಾಲು ಮುರಿದಾಗ ಇನ್ನೂ ಚೆನ್ನಾಗಿ ಬೈದಳು. ಐದನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಗಿರ್ರನೆ ತಿರುಗಿ ಒದ್ದೆ ನೋಡಿ, ಪಾದ ಪಾತ್ರೆಯ ಸ್ಟ್ಯಾಂಡಿಗೆ ತಗುಲಿತು. ಸ್ಟ್ಯಾಂಡು ನೀರಿನ ಫಿಲ್ಟರಿನ ಮೇಲೆ ಬಿತ್ತು. ಫಿಲ್ಟರಿನ ನಲ್ಲಿ ಕಿತ್ತುಬಂದು, ನೀರು ಪಡಸಾಲೆಗೆ ಹರಿದು, ನೆಲದ ಮೇಲೆ ಹರಡಿದ್ದ ನನ್ನ ಕರಡುಗಳ ಕಡೆಗೆ ಹೊರಟಿತು. ಅವನ್ನು ಉಳಿಸಲು ಓಡಿದವನು ಜಾರಿದೆ, ಪರದೆ ಹಿಡಿದೆ, ಪರದೆಯ ಕಂಬಿ ನೆತ್ತಿಯ ಮೇಲೆ ಬಂತು!

ನಾನು ಕಣ್ಣು ಮುಚ್ಚಿ ಬೈಗುಳದ ಸುರಿಮಳೆಗೆ ಕಾದೆ. ಹನಿಯೂ ಬೀಳಲಿಲ್ಲ. ಅವಳು ನೆಲ ಒರೆಸಿದಳು. ಸ್ಟ್ಯಾಂಡಿನಡಿ ನನ್ನ ಲೋಟ ಅಪ್ಪಚ್ಚಿಯಾಗಿತ್ತು. ಅದನ್ನು ಎತ್ತಿಟ್ಟು, ನೆಂಟರಿಗೆಂದು ಇಟ್ಟ ಕಪ್ಪು-ಸಾಸರಿನಲ್ಲಿ ಕಾಫಿ ತಂದಳು, ಜೊತೆಗೆ ಎರಡು ಬಿಸ್ಕತ್ತು. ಅಂದಿನಿಂದ ಮೂರು ತಿಂಗಳು ಅವಳ ಬಾಯಲ್ಲಿ ಒಂದು ಬೈಗುಳ ಇಲ್ಲ. ಮೌನಂ ಸಮ್ಮತಿ ಲಕ್ಷಣಂ! ಹೊರಗೆ ಗುರು, ಒಳಗೆ ಗೃಹಿಣಿ, ಇಬ್ಬರೂ ನನ್ನ ಪ್ರತಿಭೆಗೆ ಮಣಿದರು ಎಂದುಕೊಂಡು ನಾನು ನೆಲ ಕಾಣದೆ ನಡೆದಾಡಿದೆ.

ಎಂಟನೆಯ ತಿಂಗಳಲ್ಲಿ ಗುರುಗಳ ಸೊಸೆಯನ್ನು ಕೇಳಿಯೇಬಿಟ್ಟೆ. ಶಾಲೆಯ ಹಾಜರಿ ಬರೆಯುತ್ತಿದ್ದ ಆಕೆಗೆ ಎರಡೂ ಭಾಷೆ ಬರುತ್ತಿತ್ತು. ಪಟ್ಟಶಿಷ್ಯನ ಹೆಸರನ್ನು ಗುರುಗಳು ಯಾವಾಗ ಸಾರುತ್ತಾರೆ ಎಂದು, ಆದಷ್ಟು ವಿನಯ ತಂದುಕೊಂಡು ವಿಚಾರಿಸಿದೆ.

ಆಕೆ ಹಾಜರಿ ಪುಸ್ತಕ ಮುಚ್ಚಿದಳು. "ಸಾರ್, ಬೇಜಾರು ಮಾಡ್ಕೋಬೇಡಿ. ಮಾವನೋರು ನಿಮ್ಮನ್ನ ಶಿಷ್ಯ ಅಂದ್ಕೊಂಡೇ ಇಲ್ಲ. ನೀವು ಅತಿಥಿ."

"ಅತಿಥಿ?"

"ನಮ್ಮಲ್ಲಿ ಕಲಿಯೋಕೆ ಬಂದೋರು ಗುರುಗಳಿಗೆ ಟೀ ಬಗ್ಗಿಸಿ ಕೊಡ್ತಾರೆ. ಗುರುಗಳು ಕುಡಿದ್ರೆ ಒಪ್ಪಿದ ಹಾಗೆ. ಅವತ್ತು ನೀವೇ ಕುಡಿದುಬಿಟ್ರಲ್ಲ. ಓಹೋ, ಇವರು ಸುಮ್ನೆ ನೋಡೋಕೆ ಬಂದೋರು ಅಂದ್ಕೊಂಡ್ರು. ಅದಕ್ಕೇ ನಿಮಗೆ ಅಂತ ಆ ಮೂರು ಮಾತು ನನ್ ಹತ್ರ ಹೇಳಿಸ್ಕೊಂಡು ಕಲಿತ್ರು. ಅತಿಥಿಗಳಿಗೆ ಯಾರಾದ್ರೂ ಹೊಡೀತಾರಾ? ಕಲೀತಾರೆ ಅನ್ನೋ ಆಸೆ ಇರೋರಿಗೆ ಮಾತ್ರ ಏಟು."

ಕೆಂಪು ಗುರುತಿಲ್ಲದ ಪುಟ ಇನ್ನೊಂದು ಬಗೆಯದೂ ಇದೆ, ತಿದ್ದಿ ಪ್ರಯೋಜನವಿಲ್ಲ ಎಂದು ರದ್ದಿಗೆ ಹಾಕಿದ ಪುಟ! ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಮೂರು ತಿಂಗಳ ಮೌನ. ಕಪ್ಪು-ಸಾಸರು. ಬಿಸ್ಕತ್ತು. ಅಯ್ಯೋ, ನಾನು ಮನೆಯಲ್ಲೂ ಅತಿಥಿಯೇ? ಇಪ್ಪತ್ತೆರಡು ವರ್ಷ ತಿದ್ದಿ ತಿದ್ದಿ ಸಾಕಾಗಿ ಅವಳೂ ನನ್ನ ಆಸೆ ಬಿಟ್ಟಳೇ? ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂಬ ಗಾದೆ ನಮ್ಮಲ್ಲೇ ಇದೆ. ಅದು ನೆನಪಾಗಲು ನಾನು ಚೀನಾದವರೆಗೆ ಸುತ್ತಿಕೊಂಡು ಬರಬೇಕಾಯಿತು. ನಿಜ ಹೇಳುತ್ತೇನೆ, ಆ ರಾತ್ರಿ ನನಗೆ ಭಯವಾಯಿತು.

ಮುಂದಿನ ಪಾಠದ ದಿನ ಗುರುಗಳು ನನ್ನ ಕಡೆಗೆ ಕೆಟಲ್ಲು ತರುವ ಮೊದಲೇ ಅದನ್ನು ಕೈಗೆ ತೆಗೆದುಕೊಂಡೆ. ಬಟ್ಟಲಿಗೆ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು, ಸೊಂಟ ಒಪ್ಪಿದಷ್ಟು ಬಗ್ಗಿದೆ. ಬೇಕರಿಯವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಗುರುಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಿಧಾನವಾಗಿ ಕುಡಿದರು. ಬಟ್ಟಲು ಕೆಳಗಿಟ್ಟರು.

ಆಮೇಲೆ ಬಿತ್ತು ನೋಡಿ, ಮೊಣಕಾಲಿಗೆ ಫಟಾರ್ ಎಂದು ಒಂದು ಏಟು! ಮೊಣಕೈಗೆ ಇನ್ನೊಂದು! ಎಂಟು ತಿಂಗಳ ಬಾಕಿ ಬೈಗುಳವನ್ನೆಲ್ಲ ಅವರು ಐದು ನಿಮಿಷ ಒಂದೇ ಉಸಿರಿನಲ್ಲಿ ಸುರಿದರು. ಒಂದಕ್ಷರವೂ ತಿಳಿಯಲಿಲ್ಲ, ಎಲ್ಲವೂ ಅರ್ಥವಾಯಿತು. ಹಲ್ಲಿನ ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು, ಅರ್ಧ ಸಂತೋಷಕ್ಕೆ, ಅರ್ಧ ಮೊಣಕಾಲಿಗೆ.

ಕುಂಟುತ್ತ, ದಿಗ್ವಿಜಯ ಮುಗಿಸಿದ ರಾಜನಂತೆ ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿ, ಜೀವನದಲ್ಲಿ ಮೊದಲ ಬಾರಿಗೆ ಕಾಫಿ ಮಾಡಿದೆ. ಅವಳ ಮುಂದೆ ಬಗ್ಗಿ, ಎರಡೂ ಕೈಯಲ್ಲಿ ಹಿಡಿದೆ. ಅವಳು ಒಂದು ಗುಟುಕು ಕುಡಿದಳು. ನನ್ನ ಪ್ರಾಣ ಆ ಗುಟುಕಿನಲ್ಲಿತ್ತು.

"ಹಾಲು ಸೀದಿದೆ" ಎಂದಳು. "ಸಕ್ಕರೆ ಒಂದು ಮಣ ಸುರಿದಿದ್ದೀರಿ. ನೀರಿನ ಫಿಲ್ಟರಿಗೆ ನಲ್ಲಿ ಹಾಕಿಸ್ತೀನಿ ಅಂದು ಮೂರು ತಿಂಗಳಾಯ್ತು. ಆ ಸ್ಟೂಲಿಗೆ ಇವತ್ತಿಗೂ ಮೂರೇ ಕಾಲು..." ಅರ್ಧ ಗಂಟೆ ನಡೆಯಿತು. ಅಂಥ ಸಂಗೀತವನ್ನು ನಾನು ಕೇಳಿರಲೇ ಇಲ್ಲ!

"ಹಾಗಾದರೆ ನನ್ನ ಮೇಲೆ ಆಸೆ ಬಿಟ್ಟಿಲ್ಲ ತಾನೆ?" ಎಂದೆ. "ಮತ್ತೆ ಇಷ್ಟು ದಿನ ಯಾಕೆ ಬೈಲಿಲ್ಲ?"

ಅವಳು ಸೌಟನ್ನು ಗುರುಗಳ ಕೋಲಿನಂತೆ ಹಿಡಿದು, ಇನ್ನೂ ಚಾಚಿಕೊಂಡೇ ಇದ್ದ ನನ್ನ ಮೊಣಕೈಯನ್ನು ಮೆಲ್ಲಗೆ ಕೆಳಗೆ ತಳ್ಳಿದಳು.

"ಬೈದರೆ ನೀವು ಕ್ಲಾಸು ಬಿಟ್ಟುಬಿಡ್ತೀರಿ ಅಂತ ಹೆದರಿಕೆ ಆಯ್ತುರೀ. ವಾರಕ್ಕೆ ಮೂರು ಸಂಜೆ ಮನೆ ಎಷ್ಟು ನೆಮ್ಮದಿಯಾಗಿರುತ್ತೆ ಗೊತ್ತಾ?"